ಮಗಳಿಗೊಂದು ಪತ್ರ: ಅಜ್ಜನ ಜಾವಾ ಇಂಜಿನ್ ಬಿಚ್ಚಿದ ಮೇಲೆ

ಮೈಸೂರು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಅಜ್ಜನ ಜಾವಾ ಬೈಕು ಏನಾಯಿತೆಂದು ನೀನು ಕೇಳಿದಾಗ ಸರಿಯಾಗಿ ಹೇಳಲಾಗಲಿಲ್ಲ. ಈಗ ಇಂಜಿನನ್ನು ಪೂರ್ತಿ ಬಿಚ್ಚಿದ್ದೇನೆ, ಕಾಯಿಲೆಯೂ ಸಿಕ್ಕಿದೆ.

ಬಿಳಿ ಹೊಗೆ ಬರುತ್ತದೆ, ಕಾದ ಮೇಲೆ ಜಾಮ್ ಆಗುತ್ತದೆ ಎಂದು ಈ ಹಿಂದೆ ನಾವು ಗಾಡಿಯನ್ನು ರಿಪೇರಿಗೆ ಕೊಟ್ಟಿದ್ದ ಮೆಕ್ಯಾನಿಕ್ ಎರಡು ಸಲ ಸಿಲಿಂಡರಿಗೆ ಬೋರ್ ಹಾಕಿಸಿ, ಅಂದರೆ ಅದರ ಒಳಗೋಡೆಯನ್ನು ಕೊರೆಸಿ ಅಗಲ ಮಾಡಿಸಿ, ಹೊಸ ಪಿಸ್ಟನ್ ಕೂರಿಸಿದ್ದರು; ಇಂಜಿನ್ನಿನ ಕೆಳಭಾಗದ ಕವಚವಾದ ಕ್ರ್ಯಾಂಕ್ ಕೇಸನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಈ ಇಂಜಿನ್ನಿನ ಮೂಲ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿ.ಮೀ. ಎರಕದ ಕಬ್ಬಿಣದ ಸಿಲಿಂಡರಿನಿಂದ ಒಮ್ಮೆ ಕೊರೆದು ತೆಗೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲ. 1961ರಲ್ಲಿ ನಮ್ಮೂರಿನಲ್ಲೇ ಇದನ್ನು ತಯಾರಿಸಲು ತೊಡಗಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ್ದರಿಂದ, ಹಾಗೆ ಕಳೆದುಕೊಂಡ ಕಬ್ಬಿಣದ ಬಗ್ಗೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ) ಇರುವ ಕೋಣೆಗೆ ಬಂದು, ಪಿಸ್ಟನ್ ಕೆಳಗಿಳಿಯುವಾಗ ಒತ್ತಡಕ್ಕೆ ಸಿಕ್ಕಿ ಮೇಲಕ್ಕೇರುವುದರಿಂದ ಆ ಕೋಣೆಯಲ್ಲಿ ಒಂದಿಷ್ಟೂ ಸೋರಿಕೆ ಇರಬಾರದು. ಅದನ್ನು ಕಾಯುವುದು ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲುಗಳು. ಕ್ಲಚ್ ಕಡೆಯದು ಸವೆದರೆ ಗೇರ್ ಆಯಿಲನ್ನು ಇಂಜಿನ್ ಹೀರಿಕೊಂಡು ಬಿಳಿ ಹೊಗೆ ಕಾರುತ್ತದೆ. ಡೈನಮೊ ಕಡೆಯದು ಸವೆದರೆ ಹೊರಗಿನ ಗಾಳಿ ನುಗ್ಗಿ, ಪೆಟ್ರೋಲೂ ಅದರಲ್ಲಿ ಬೆರೆಸಿದ ಆಯಿಲೂ ಸಾಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಮ್ಮ ಗಾಡಿಯಲ್ಲಿ ಎರಡೂ ಹೋಗಿದ್ದವು. ಹೊರತೆಗೆದ ಸೀಲಿನ ಅಂಚನ್ನು ಉಗುರಿನಿಂದ ಒತ್ತಿದೆ: ಬಾಗಬೇಕಾದ ರಬ್ಬರು ಒಣಗಿದ ಹುಣಸೆ ಸಿಪ್ಪೆಯಂತೆ ಪಟಕ್ಕನೆ ಮುರಿಯಿತು.

ಕೇಸನ್ನು ಬಿಡಿಸುವಾಗ ಸುತ್ತಿಗೆ ಮುಟ್ಟಲಿಲ್ಲ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ, ನೀರಿನ ಹನಿ ಬಿದ್ದರೆ ಚುಯ್ ಎನ್ನುವಷ್ಟು ಕಾಯಿಸಿದಾಗ ಬೇರಿಂಗುಗಳು ತಾವಾಗಿಯೇ ಸಡಿಲವಾದವು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಿದೆ; ಅಲುಗಾಟವಿಲ್ಲ. ಆಮೇಲೆ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡೆರಡು ದಿಕ್ಕಿನಲ್ಲಿ ಅಳೆದೆ. ಸವಕಳಿ ಬಹಳ ಕಡಿಮೆ. ಮೂರನೆಯ ಬೋರ್ ಬೇಕಾಗಿಲ್ಲ. ಆ ಹಿಂದಿನ ಎರಡೂ ಬೇಕಿದ್ದವೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ನೀನು ದಸರಾಕ್ಕೆ ಬರುವವರೆಗೆ ಜೋಡಿಸುವುದಿಲ್ಲ. ಕಿಡಿ ಹಾರಿಸಲು ತೆರೆದು ಮುಚ್ಚುವ ಪಾಯಿಂಟ್‌ಗಳ ಅಂತರವನ್ನು 0.4 ಮಿ.ಮೀ.ಗೆ ಇಡುವ ಕೆಲಸ ನಿನ್ನದೇ, ನನ್ನ ಕಣ್ಣಿಗೆ ಈಗ ಅದು ಸರಿಯಾಗಿ ಕಾಣುವುದಿಲ್ಲ. ಹಳೆಯ ಸೀಲುಗಳನ್ನು ಈ ಪತ್ರದೊಂದಿಗೇ ಕಳಿಸುತ್ತಿದ್ದೇನೆ. ಬಿಡುವಾದಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ತೋರಿಸಿ, ಒಳಸುತ್ತು, ಹೊರಸುತ್ತು, ದಪ್ಪ ಮೂರನ್ನೂ ಹೋಲಿಸಿ ನೋಡಿಯೇ ಹೊಸ ಸೀಲುಗಳನ್ನು ಕೊಂಡುಕೋ.

ಇಂತಿ ನಿನ್ನ,
ಅಪ್ಪ