ಬೀಗದ ಕೈ ಕೊಟ್ಟವರಿಗೆ, ಕ್ಯೂನಲ್ಲಿ ನಿಂತವರಿಗೆ

ಮೊನ್ನೆ ಎಸ್ಸೆಸ್ಸೆಲ್ಸಿ ಪರೀಕ್ಷೆ-2ರ, ಅಂದರೆ ಮೊದಲ ಸಲ ಉಳಿದವರು ಮತ್ತೆ ಬರೆಯುವ ಪರೀಕ್ಷೆಯ, ಫಲಿತಾಂಶ ಬಂತು. ಕೂಲಿಗೆ ವಲಸೆ ಬಂದವರ ಮಕ್ಕಳಿಗೆ ನಾವು ನಡೆಸುವ ಸಂಜೆ ಕ್ಲಾಸಿನಲ್ಲಿ ಬಾಕಿ ಉಳಿದಿದ್ದ ಒಬ್ಬ ಹುಡುಗನೂ ಗಣಿತ ಪಾಸು ಮಾಡಿಕೊಂಡ. ಅಲ್ಲಿಗೆ 2025ರಲ್ಲಿ ಹತ್ತನೇ ಕ್ಲಾಸ್ ಬರೆದ ನಮ್ಮ 9 ಮಕ್ಕಳೂ ಪಾಸು. ಮೇ 2ಕ್ಕೆ 8 ಜನ ಪಾಸಾದಾಗಲೇ ಇದನ್ನು ಬರೆಯೋಣ ಅಂತ ಕೂತಿದ್ದೆ. ಆದರೆ ಒಬ್ಬನನ್ನು ಹೊರಗೆ ನಿಲ್ಲಿಸಿ ಎಲ್ಲರಿಗೂ ಥ್ಯಾಂಕ್ಸ್ ಹೇಳೋಕೆ ಮನಸ್ಸು ಬರಲಿಲ್ಲ. ಈಗ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ. ಮಕ್ಕಳ ಹೆಸರು ಬೇಕಂತಲೇ ಹಾಕಿಲ್ಲ.

ನಮ್ಮ ಉಡುಪಿ 2024ರಲ್ಲಿ ಶೇ. 94 ಬಂದು ರಾಜ್ಯಕ್ಕೇ ಫಸ್ಟ್ ಇತ್ತು. 2025ರಲ್ಲಿ ಶೇ. 89.96, ಎರಡನೇ ಸ್ಥಾನ, ಪಕ್ಕದ ದಕ್ಷಿಣ ಕನ್ನಡ ಫಸ್ಟ್. ನನಗೂ ಖುಷಿನೇ. ಆದರೆ ಆ ಲೆಕ್ಕದಲ್ಲಿ ಪರೀಕ್ಷೆ ಬರೆದವರು ಮಾತ್ರ ಇರುತ್ತಾರೆ ಅಲ್ವಾ. ಏಳನೇ ಕ್ಲಾಸಿನಲ್ಲೋ ಎಂಟರಲ್ಲೋ ಶಾಲೆ ಬಿಟ್ಟು ಸೈಟಿನಲ್ಲಿ ಕಲ್ಲು ಹೊರುವ ಮಗು ಆ ಶೇಕಡಾದಲ್ಲಿ ಎಲ್ಲೂ ಕಾಣುವುದಿಲ್ಲ. ನಮ್ಮ 9 ಮಕ್ಕಳೂ ಹಾಗೇ ಕಾಣದೆ ಹೋಗಬಹುದಿತ್ತು. ಅವರ ಅಪ್ಪ ಅಮ್ಮಂದಿರು ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಇಲ್ಲಿಗೆ ಗಾರೆ ಕೆಲಸಕ್ಕೆ, ಕೆಂಪು ಕಲ್ಲು ಲೋಡಿಂಗಿಗೆ ಬಂದವರು.

ಇದು ಶುರುವಾಗಿದ್ದು 2021ರ ಸೆಪ್ಟೆಂಬರಿನಲ್ಲಿ. ಕೊರೊನಾ ಮುಗಿಯಿತು ಅಂತ 6ರಿಂದ 8ನೇ ಕ್ಲಾಸಿನವರಿಗೆ ಆಗಷ್ಟೇ ಶಾಲೆ ತೆರೆದಿತ್ತು. ನಮ್ಮ ಮನೆ ಪಕ್ಕ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅದರ ಶೀಟಿನ ಶೆಡ್ಡಿನಲ್ಲಿ ಗದಗ ಕಡೆಯ ಒಂದು ಸಂಸಾರ. ಬೆಳಗ್ಗೆ ಹತ್ತೂವರೆಗೆ ಅವರ ಮಗಳು ಸಿಮೆಂಟ್ ಚೀಲದ ಮೇಲೆ ಕೂತು ತಮ್ಮನನ್ನು ಆಡಿಸುತ್ತಿದ್ದಳು. ಶಾಲೆ ಇಲ್ವಾ ಅಂತ ಕೇಳಿದೆ. "ಟಿ.ಸಿ. ಇಲ್ರೀ ಅಕ್ಕಾರ" ಅಂದಳು. ಊರಿನ ಶಾಲೆಯಿಂದ ಟಿ.ಸಿ. ತಂದ ಮೇಲೆ ಬನ್ನಿ ಅಂತ ಒಂದು ಶಾಲೆಯವರು ವಾಪಸ್ ಕಳಿಸಿದ್ದರಂತೆ. ಹೋಗಿ ತರೋಣ ಅಂದರೆ ಅಪ್ಪನ ಎರಡು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಬೇರೆ. ಹೀಗೆ ನಾಳೆ ನಾಳಿದ್ದು ಅಂತ ದಿನ ಹೋಗುತ್ತಿತ್ತು.

ಮೊದಲ ಥ್ಯಾಂಕ್ಸ್ ನಮ್ಮ ಬೀದಿಯ ರಿಟೈರ್ಡ್ ಹೆಡ್‌ಮಾಸ್ಟ್ರಿಗೆ. ನಾನು ಟೀಚರ್ ಅಲ್ಲ, ಸೊಸೈಟಿಯಲ್ಲಿ ಕ್ಲರ್ಕ್, ನನಗೆ ಇದೆಲ್ಲ ಗೊತ್ತಿರಲಿಲ್ಲ. ಮಾಸ್ಟ್ರು ಕೂತು ಬಿಡಿಸಿ ಹೇಳಿದರು. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೇ ಸೆಕ್ಷನ್ ಪ್ರಕಾರ, ಒಂದು ಶಾಲೆಯಿಂದ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಬರುವ ಮಗುವನ್ನು ಟಿ.ಸಿ. ತಡವಾಯಿತು ಅಂತ ಹೊರಗೆ ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಕಳಿಸುವಂತಿಲ್ಲ, ಅದು 14ನೇ ಸೆಕ್ಷನ್. ಮಧ್ಯೆ ಶಾಲೆ ಬಿಟ್ಟಿದ್ದರೆ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ, ಹಿಂದೆ ಬಿದ್ದಿದ್ದಕ್ಕೆ ವಿಶೇಷ ತರಬೇತಿ ಕೊಡಬೇಕು, ಅದು 4ನೇ ಸೆಕ್ಷನ್. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮತ್ತೊಂದು ಸರ್ಕಾರಿ ಶಾಲೆಗೆ ಹೋದೆವು. ಅಲ್ಲಿನ ಮೇಡಂ ಹಾಳೆ ಬಿಡಿಸೋಕೂ ಬಿಡಲಿಲ್ಲ. "ಮಗು ಮೊದಲು ಕೂತ್ಕೊಳ್ಳಲಿ, ಟಿ.ಸಿ. ನಿಧಾನಕ್ಕೆ ಬರ್ಲಿ" ಅಂದರು. ಊರಿನ ಶಾಲೆಗೆ ತಾವೇ ಫೋನ್ ಮಾಡಿ ಅವಳ ಎಸ್‌ಎಟಿಎಸ್ ನಂಬರ್, ಅಂದರೆ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ನಂಬರ್, ತೆಗೆಸಿದರು. ಆ ಒಂದು ನಂಬರ್ ಸಿಕ್ಕರೆ ಉಳಿದದ್ದು ಆನ್‌ಲೈನಿನಲ್ಲೇ ಆಗುತ್ತದೆ. ಅರ್ಧ ಗಂಟೆಯ ಕೆಲಸ. ಮೇಡಂ, ಆಮೇಲೆ ನಾವು ಕರೆದುಕೊಂಡು ಬಂದ ಒಂದು ಮಗುವನ್ನೂ ನೀವು ವಾಪಸ್ ಕಳಿಸಲಿಲ್ಲ. ನಿಮ್ಮ ಆ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಸೇರಿದ್ದೇನೋ ಆಯಿತು. ಏಳನೇ ಕ್ಲಾಸಿನ ಹುಡುಗಿ, ಒಂದೂವರೆ ವರ್ಷ ಪುಸ್ತಕ ಮುಟ್ಟಿರಲಿಲ್ಲ. ಶಾಲೆ ಮುಚ್ಚಿದ್ದಾಗ ಪಾಠ ಬರುತ್ತಿದ್ದ ಮೊಬೈಲ್ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದಳು, ಒತ್ತಕ್ಷರ ಬಂದ ಕೂಡಲೇ ನಿಲ್ಲುತ್ತಿದ್ದಳು. ಸಂಜೆ ನಮ್ಮ ಜಗಲಿಯಲ್ಲಿ ಕೂರಿಸಿಕೊಂಡೆ. ವಾರದಲ್ಲಿ ನಾಲ್ಕು ಮಕ್ಕಳಾದರು, ದೀಪಾವಳಿ ಹೊತ್ತಿಗೆ ಹನ್ನೊಂದು. ಜಗಲಿ ಸಾಲಲಿಲ್ಲ.

ಆಗ ಭಜನಾ ಮಂದಿರದ ಸಮಿತಿಯವರ ಹತ್ತಿರ ಹೋದೆ. ಅಧ್ಯಕ್ಷರು ಕೇಳಿದ್ದು ಎರಡೇ ಪ್ರಶ್ನೆ, ಎಷ್ಟು ಮಕ್ಕಳು, ಎಷ್ಟು ಹೊತ್ತು. ಆಮೇಲೆ ಬೀಗದ ಕೈ ಟೇಬಲ್ ಮೇಲೆ ಇಟ್ಟು "ಈರೆನ ಕೈಟೇ ಉಪ್ಪಡ್" ಅಂದರು, ನಿಮ್ಮ ಕೈಯಲ್ಲೇ ಇರಲಿ ಅಂತ. ಶನಿವಾರ ಭಜನೆ, ಆ ಒಂದು ದಿನ ಬಿಟ್ಟು ಉಳಿದ ದಿನ ಸಂಜೆ ಆರೂವರೆಯಿಂದ ಎಂಟೂವರೆ ನಮ್ಮದು. ಕರೆಂಟ್ ಬಿಲ್ ಬಗ್ಗೆ ಇವತ್ತಿನವರೆಗೆ ಒಬ್ಬರೂ ಮಾತೆತ್ತಿಲ್ಲ. ಶೆಡ್ಡಿನಲ್ಲಿ ಒಂದೇ ಬಲ್ಬು, ಅದರ ಕೆಳಗೆ ಅಡುಗೆ, ಊಟ, ಮಲಗೋದು ಎಲ್ಲ. ಅಂಥ ಕಡೆಯಿಂದ ಬಂದ ಮಗುವಿಗೆ ಎರಡು ಟ್ಯೂಬ್‌ಲೈಟ್, ಒಂದು ಫ್ಯಾನ್, ಕಾಲು ಚಾಚಿ ಕೂರೋಕೆ ತಣ್ಣನೆ ನೆಲ ಅಂದರೆ ಏನು ಅಂತ ನಾನು ಕಣ್ಣಾರೆ ನೋಡಿದೆ.

ಇನ್ನೊಂದು ಹೇಳಲೇಬೇಕು. ಆ ಹುಡುಗಿ ಶೆಡ್ಡಿನ ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪನ ಕೂಲಿ ಲೆಕ್ಕ ಇಡುತ್ತಿದ್ದಳು. ಪೂರ್ತಿ ದಿನಕ್ಕೆ ಒಂದು ಉದ್ದ ಗೆರೆ. ಮಧ್ಯಾಹ್ನ ಮಳೆ ಬಂದು ಕೆಲಸ ನಿಂತರೆ ಗಿಡ್ಡ ಗೆರೆ. ಕೆಲಸ ಇಲ್ಲದ ದಿನ ಸೊನ್ನೆ. ಭಾನುವಾರ ಬಟವಾಡೆ ಹೊತ್ತಿಗೆ ಗೆರೆ ಎಣಿಸಿ, ಐದೂವರೆ ಕೂಲಿ, ದಿನಕ್ಕೆ 800ರಂತೆ 4,400, ಅಡ್ವಾನ್ಸ್ 1,000 ಕಳೆದರೆ 3,400 ಅಂತ ಬಾಯಲ್ಲೇ ಹೇಳುತ್ತಿದ್ದಳು, ಮೇಸ್ತ್ರಿ ಮೊಬೈಲ್ ತೆಗೆಯುವ ಮೊದಲೇ. ಅದೇ ಹುಡುಗಿ ಪುಸ್ತಕದಲ್ಲಿ ಭಿನ್ನರಾಶಿ ಕಂಡರೆ ಪೆನ್ಸಿಲ್ ಕೆಳಗಿಡುತ್ತಿದ್ದಳು. ಒಂದು ದಿನ ಮಾಸ್ಟ್ರು ಆ ಕ್ಯಾಲೆಂಡರನ್ನೇ ತರಿಸಿದರು. ಗಿಡ್ಡ ಗೆರೆಯ ಪಕ್ಕ 1/2 ಅಂತ ಬರೆದರು. ಐದು ಉದ್ದ ಗೆರೆ, ಒಂದು ಗಿಡ್ಡ ಗೆರೆ, ಎಲ್ಲವನ್ನೂ ಅರ್ಧ ಅರ್ಧ ಮಾಡಿದರೆ ಹನ್ನೊಂದು ಅರ್ಧ, ಅದಕ್ಕೇ 11/2 ಅಂತ ತೋರಿಸಿದರು. ಅವಳು ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಇದು ಬಟವಾಡಿ ಲೆಕ್ಕ ಏನ್ರೀ?" ಅಂತ ಕೇಳಿದಳು. ಈ ಸಲ ಅವಳಿಗೆ 625ಕ್ಕೆ 541. ಈ ಮಕ್ಕಳು ದಡ್ಡರು ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಶಾಲೆಯ ಬಿಸಿಯೂಟ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಸಂಜೆ ಆರೂವರೆಗೆ ಹೊಟ್ಟೆ ಖಾಲಿ. ಅದನ್ನು ನನಗಿಂತ ಮೊದಲು ಗಮನಿಸಿದ್ದು ಎದುರಿನ ಮೆಸ್ಸಿನ ಅಕ್ಕ. ಒಂದು ದಿನ ಪಾತ್ರೆ ತುಂಬ ಕಡ್ಲೆ ಅವಲಕ್ಕಿ ತಂದಿಟ್ಟು ಹೋದರು, ಮರುದಿನವೂ ತಂದರು. ನಾಲ್ಕು ವರ್ಷ ಆಯಿತು. ಜೋರು ಮಳೆಯ ದಿನ ಬಿಸಿಬಿಸಿ ಗೋಳಿಬಜೆ. ಅಕ್ಕ, ದುಡ್ಡು ತಗೊಳ್ಳಿ ಅಂದಾಗೆಲ್ಲ ನೀವು ಬೈದಿದ್ದೀರಿ, ಅದಕ್ಕೇ ಇಲ್ಲಿ ಬರೆದು ತೀರಿಸುತ್ತಿದ್ದೇನೆ.

ಈ ಮಕ್ಕಳು ಹಿಂದೆ ಬೀಳುವುದಕ್ಕೆ ಒಂದು ಕಾರಣ ನಮ್ಮ ಮಳೆ. ಜೂನ್‌ನಲ್ಲಿ ಇಲ್ಲಿ ಕಟ್ಟಡದ ಕೆಲಸ ನಿಲ್ಲುತ್ತದೆ, ಅಲ್ಲಿ ಊರಲ್ಲಿ ಹೆಸರು, ಶೇಂಗಾ ಬಿತ್ತುವ ಹೊತ್ತು. ಇಡೀ ಸಂಸಾರ ಊರಿಗೆ ಹೋಗುತ್ತದೆ. ಶಾಲೆ ಶುರುವಾಗುವುದೂ ಸರಿಯಾಗಿ ಆಗಲೇ. ಬಿತ್ತನೆ, ಕಳೆ ಎಲ್ಲ ಮುಗಿಸಿ ನಾಗರಪಂಚಮಿ ಕಳೆದು ಬರುವ ಹೊತ್ತಿಗೆ ಶಾಲೆಯ ಮೊದಲ ಕಿರುಪರೀಕ್ಷೆ ಎಫ್‌ಎ-1 ಆಗಿಹೋಗಿರುತ್ತದೆ. ನನಗೆ ಡಬ್ಬಿ ತುಂಬ ಪಂಚಮಿ ಉಂಡಿ ಬರುತ್ತದೆ, ಮಕ್ಕಳಿಗೆ ಎರಡು ತಿಂಗಳ ಪಾಠ ಬಾಕಿ. ಪ್ರತಿ ವರ್ಷ ಇದೇ. 2024ರ ಜೂನ್‌ನಲ್ಲಿ ಆ ಹುಡುಗಿಯ ಅಮ್ಮ ಬಂದು, "ಈ ವರ್ಸ ನಾವು ಊರಿಗೆ ಹೋಗಂಗಿಲ್ರೀ ಅಕ್ಕಾರ, ಆಕಿ ಹತ್ತನೇತ್ತ ಮುಗಿಸ್ಲಿ" ಅಂದರು. ಅಂದರೆ ಆ ವರ್ಷ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟರು, ಮಳೆಗಾಲ ಪೂರ್ತಿ ಇಲ್ಲೇ ಸಿಕ್ಕಿದ ಕೂಲಿ ಮಾಡಿದರು. ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಕೊಟ್ಟವರು ಈ ಅಮ್ಮಂದಿರು.

ಆಮೇಲೆ ಕಾಗದಪತ್ರ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅಂತ ಒಂದು ಸ್ಕಾಲರ್‌ಶಿಪ್ ಪರೀಕ್ಷೆ ಇದೆ, ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಬರೆಯಬಹುದು, ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು. ಎರಡು ಪೇಪರ್, ಒಂದೊಂದರಲ್ಲಿ 90 ಪ್ರಶ್ನೆ. ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಮ್ಮ ಒಬ್ಬ ಹುಡುಗ ಆಯ್ಕೆಯಾದ. ಆದರೆ ದುಡ್ಡು ಕೈಗೆ ಬರುವಷ್ಟರಲ್ಲಿ ಸಾಕಾಯಿತು. ಆಧಾರ್‌ನಲ್ಲಿ ಆ ಕಡೆಯ ರೂಢಿಯಂತೆ ಅಡ್ಡಹೆಸರು, ಶಾಲೆಯ ದಾಖಲೆಯಲ್ಲಿ ನಮ್ಮ ಕಡೆಯಂತೆ ಬರೀ ಇನಿಶಿಯಲ್. ಎರಡೂ ಒಬ್ಬನೇ ಹುಡುಗ ಅಂತ ಕಂಪ್ಯೂಟರ್ ಒಪ್ಪಲಿಲ್ಲ. ಆದಾಯ ಪ್ರಮಾಣಪತ್ರ ಊರಿನ ನಾಡಕಚೇರಿಯಿಂದ ಆಗಬೇಕು. ಅಪ್ಪ ಒಂದು ದಿನ ರಜೆ ಹಾಕಿದರೆ ಆ ದಿನ ಸರ್ವರ್ ಡೌನ್. ಕೊನೆಗೆ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ರಾತ್ರಿ ಹತ್ತರವರೆಗೆ ಅರ್ಜಿ ತುಂಬಿದ ಸೈಬರಿನ ಅಣ್ಣ, ಊರಿನಲ್ಲಿ ಇವರ ಪರವಾಗಿ ಮೂರು ಸಲ ಕ್ಯೂನಲ್ಲಿ ನಿಂತ ಆ ಹುಡುಗನ ಸೋದರಮಾವ, ಇವರಿಬ್ಬರು ಇಲ್ಲದಿದ್ದರೆ ಪಾಸಾಗಿಯೂ ಒಂದು ಪೈಸೆ ಬರುತ್ತಿರಲಿಲ್ಲ. ನಮ್ಮ ಕ್ಲಾಸಿಗೆ ಬ್ಯಾಗ್, ಪುಸ್ತಕ ಕೊಟ್ಟವರು ತುಂಬ ಜನ ಇದ್ದೀರಿ, ನಿಮಗೆಲ್ಲ ಥ್ಯಾಂಕ್ಸ್. ಆದರೆ ಒಬ್ಬರ ಜೊತೆ ಕಚೇರಿಗೆ ಹೋಗಿ ಕ್ಯೂನಲ್ಲಿ ನಿಲ್ಲುವವರು ನಮಗೆ ಇನ್ನೂ ಜಾಸ್ತಿ ಬೇಕು, ನಿಜವಾಗಿ ಹೇಳುತ್ತಿದ್ದೇನೆ.

ಮಣಿಪಾಲದಿಂದ ವಾರಕ್ಕೆರಡು ದಿನ ಬಸ್ ಹತ್ತಿ ಬಂದು ಇಂಗ್ಲಿಷ್ ಹೇಳಿಕೊಟ್ಟ ಮೂವರು ಹುಡುಗಿಯರಿಗೆ, ವಿಜ್ಞಾನಕ್ಕೆ ಬಂದ ಲ್ಯಾಬಿನ ಅಣ್ಣನಿಗೆ, ಮಂದಿರದ ನೆಲ ಗುಡಿಸಿಟ್ಟಿರುತ್ತಿದ್ದ ಅಜ್ಜಿಗೆ ಕೂಡ.

ಪರೀಕ್ಷೆ-1ರಲ್ಲಿ ಗಣಿತದಲ್ಲಿ ಉಳಿದ ಹುಡುಗನ ಕಥೆ ಬೇರೆ. ಅವನು ಜನವರಿಯಿಂದಲೇ ಸ್ಲ್ಯಾಬ್ ಹಾಕುವ ದಿನ ಕೆಲಸಕ್ಕೆ ಹೋಗುತ್ತಿದ್ದ, ಆ ದಿನ ಕೂಲಿ ಜಾಸ್ತಿ. ನನಗೆ ಗೊತ್ತಾಗಿದ್ದು ಕೈಯಲ್ಲಿ ಸಿಮೆಂಟ್ ಒಡೆದ ಗಾಯ ನೋಡಿ. ನೀನು ಹೋಗಬೇಡ ಅಂತ ಹೇಳುವುದು ನನಗೆ ಸುಲಭ, ಅವನ ಮನೆಯಲ್ಲಿ ಸಾಲ ಇತ್ತು. ಫಲಿತಾಂಶದ ದಿನ ಅವನು ಮಂದಿರಕ್ಕೆ ಬರಲಿಲ್ಲ. ಮೇಸ್ತ್ರಿಯವರೇ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದರು. ಪರೀಕ್ಷೆ-2 ಮುಗಿಯುವವರೆಗೆ ಇವನನ್ನು ಕೆಲಸಕ್ಕೆ ಕರೆಯಲ್ಲ, ಯಾರಿಗೂ ಕರೆಯೋಕೂ ಬಿಡಲ್ಲ ಅಂದರು. ಅಪ್ಪನಿಗೆ ಆ ತಿಂಗಳ ಅಡ್ವಾನ್ಸನ್ನೂ ಅವರೇ ಕೊಟ್ಟರು. ಒಂದೇ ಅವಕಾಶ ಅಂತ ಇದ್ದಿದ್ದರೆ ಏನಾಗುತ್ತಿತ್ತೋ. 2025ರಲ್ಲಿ ಮೂರು ಪರೀಕ್ಷೆ ಇದ್ದುದರಿಂದ ಮೇ ಕೊನೆಯಲ್ಲೇ ಬರೆದ. ಆ ವಾರ ಮಳೆ ಹೇಗಿತ್ತು ಅಂತ ಉಡುಪಿಯವರಿಗೆ ನಾನು ಹೇಳಬೇಕಾಗಿಲ್ಲ. ಹಾಲ್‌ಟಿಕೆಟ್ಟನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡು ಹೋಗಿದ್ದ. ಗಣಿತದ ದಿನ ಆಟೋದವರು ದುಡ್ಡು ತಗೊಳ್ಳಲಿಲ್ಲ, ಅವರ ಹೆಸರೂ ನಾವು ಕೇಳಲಿಲ್ಲ. ಓದುತ್ತಿದ್ದರೆ ಗೊತ್ತಾಗಲಿ ಅಣ್ಣ, ಅವನು ಪಾಸು.

ಮಾಸ್ಟ್ರು ಮಕ್ಕಳಿಗೆ ಕುದ್ಮುಲ್ ರಂಗರಾಯರ ವಿಷಯ ಹೇಳುತ್ತಿರುತ್ತಾರೆ. ಮಂಗಳೂರಿನ ಪುರಭವನಕ್ಕೆ ಅವರ ಹೆಸರೇ ಇರುವುದು. ದಲಿತ ಮಕ್ಕಳನ್ನು ಶಾಲೆಯ ಒಳಗೇ ಬಿಡದಿದ್ದ ಕಾಲದಲ್ಲಿ ಅವರಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದವರು. ಮೊದಲ ಸಲ ಈ ಕಥೆ ಕೇಳಿದಾಗ ಐದನೇ ಕ್ಲಾಸಿನ ಒಬ್ಬ ಪೋರ ಎದ್ದು ನಿಂತು, "ಅವ್ರು ಟಿ.ಸಿ. ಕೇಳ್ತಿದ್ರೇನ್ರೀ?" ಅಂದ. ಮಾಸ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇಲ್ಲ ಮಗಾ, ಕೇಳ್ತಿರಲಿಲ್ಲ ಅಂದರು.

541 ತೆಗೆದ ಹುಡುಗಿ ಸರ್ಕಾರಿ ಪಿಯು ಕಾಲೇಜಿಗೆ ಕಾಮರ್ಸ್ ಸೇರಿದ್ದಾಳೆ, ಲೆಕ್ಕವೇ ಬೇಕಂತೆ. ಮೇಸ್ತ್ರಿ ಕರೆತಂದ ಹುಡುಗ ಐಟಿಐಗೆ ಅರ್ಜಿ ಹಾಕಿದ್ದಾನೆ. ಉಳಿದವರದ್ದೂ ಒಂದೊಂದು ಕಡೆ ಆಗುತ್ತಿದೆ.

ಈ ವರ್ಷ ಹತ್ತನೇ ಕ್ಲಾಸಿಗೆ 6 ಮಕ್ಕಳು. ಇಬ್ಬರು ಬಿತ್ತನೆಗೆ ಊರಿಗೆ ಹೋಗಿದ್ದಾರೆ, ಪಂಚಮಿ ಕಳೆದ ಮೇಲೇ ಬರುವುದು. ಈ ಸಲ ಬಿಟ್ಟು ಕೂರುವುದು ಬೇಡ ಅಂತ ದಿನಾ ಸಂಜೆಯ ಪಾಠವನ್ನು ಅಪ್ಪನ ಮೊಬೈಲಿಗೆ ವಾಟ್ಸಾಪ್ ಮಾಡುತ್ತಿದ್ದೇವೆ. ನಿನ್ನೆ ಕಳಿಸಿದ್ದಕ್ಕೆ ರಾತ್ರಿ ಒಂಬತ್ತಕ್ಕೆ ಉತ್ತರ ಬಂತು, ಹೊಲದ ಬದುವಿನ ಮೇಲೆ ಕೂತು ಬರೆದ ಹಾಳೆಯ ಫೋಟೋ, ಮೂಲೆಯಲ್ಲಿ ಮಣ್ಣಿನ ಬೆರಳಿನ ಗುರುತು. ನಾಲ್ಕು ಲೆಕ್ಕದಲ್ಲಿ ಮೂರು ಸರಿ. ನಾಲ್ಕನೆಯದನ್ನು ಇವತ್ತು ಹೇಳಿಕೊಡಬೇಕು.