ಚದುರಂಗದ ಮಣೆಯೂ ಕೆರೆಯ ಏರಿಯೂ

ಮೈಸೂರು

ಚಿರಂಜೀವಿ ಅನಿರುದ್ಧನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಹಾಸ್ಟೆಲಿನ ಗೆಳೆಯರು ವಾರವಾರವೂ ಚಾರಣಕ್ಕೆ ಹೊರಟಾಗ ನೀನು ಚದುರಂಗದ ಮಣೆಯ ಮುಂದೆ ಉಳಿಯುವುದರಿಂದ ಅವರು ನಿನ್ನನ್ನು ಸೋಮಾರಿ ಎನ್ನುತ್ತಾರೆಂದೂ, ಆ ಮಾತಿಗೆ ಅಂಜಿ ಕುಮಾರಪರ್ವತಕ್ಕೆ ಹೋದವನು ದಾರಿಯುದ್ದಕ್ಕೂ ಯಾವಾಗ ಇಳಿದೇನೋ ಎಂದುಕೊಂಡೇ ನಡೆದೆಯೆಂದೂ ಬರೆದಿರುವೆ. ಕೊನೆಯಾಟವೊಂದನ್ನು, ಅಂದರೆ ಮಣೆಯ ಮೇಲೆ ಕೆಲವೇ ಕಾಯಿಗಳು ಉಳಿದ ಘಟ್ಟವನ್ನು, ಬಿಡಿಸಲು ಮೂರು ಗಂಟೆ ಕದಲದೆ ಕೂರಬಲ್ಲವನನ್ನು ಸೋಮಾರಿ ಎನ್ನಲಾಗದು. ಈ ವಿಷಯದಲ್ಲಿ ನಾನು ನಿನ್ನ ಪಕ್ಷ.

ಆದರೆ ಮಗು, ಕುಳಿತು ಆಡುವ ಆಟವನ್ನು ಮೆಚ್ಚುವುದು ಬೇರೆ, ದಿನವಿಡೀ ಕುಳಿತೇ ಇರುವುದು ಬೇರೆ. ಎರಡೂ ಒಂದೇ ಎಂದುಕೊಂಡು ನಾನು ಕೆಟ್ಟೆ. ಬ್ಯಾಂಕಿನಲ್ಲಿ 31 ವರ್ಷ ಕುರ್ಚಿ, ಮನೆಗೆ ಬಂದರೆ ಪುಸ್ತಕ ಹಿಡಿದು ಮತ್ತೆ ಕುರ್ಚಿ. 52ನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದಾಗ, ನಮ್ಮ ಮನೆಯ ಮಹಡಿ ಹತ್ತುವಾಗಲೇ ನಡುವೆ ಕಂಬಿ ಹಿಡಿದು ನಿಂತು ಸುಧಾರಿಸಿಕೊಳ್ಳುವ ಸ್ಥಿತಿಯಲ್ಲಿದ್ದೆ.

ಆ ದಿನಗಳಲ್ಲಿ ಓದಿದ ಒಂದು ಸಂಗತಿ ನನ್ನ ಕಣ್ಣು ತೆರೆಸಿತು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನವದು. ಕುಳಿತೇ ದುಡಿಯುವ ಡ್ರೈವರುಗಳಿಗಿಂತ, ಟಿಕೆಟ್ ಕೊಡಲು ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. ಆ ಕಂಡಕ್ಟರುಗಳು ಮೆಟ್ಟಿಲು ಹತ್ತಿದ್ದು ಹೊಟ್ಟೆಪಾಡಿಗಾಗಿ, ಪ್ರೀತಿಯಿಂದಲ್ಲ. ಆದರೂ ದೇಹಕ್ಕೆ ಸಲ್ಲಬೇಕಾದದ್ದು ಸಂದಿತು. ಹಾಗಾಗಿ ಬೆಟ್ಟವನ್ನು ಪ್ರೀತಿಸಲೇಬೇಕೆಂಬ ಹಟ ನಿನಗೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು. ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಐದು ದಿನವಿದ್ದರೆ ಅದರ ಕೆಳಗಣ ಮಿತಿಯನ್ನು ಮುಟ್ಟಿದಂತೆ.

ನಿನ್ನ ಆಟಕ್ಕೂ ದೇಹ ಬೇಕು. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಆರಂಭವಾದ ಕಾರ್ಪೋವ್ ಮತ್ತು ಕ್ಯಾಸ್ಪರೋವರ ವಿಶ್ವ ಚದುರಂಗ ಪಟ್ಟದ ಪಂದ್ಯವನ್ನು, 48 ಆಟಗಳಾದರೂ ಮುಗಿಯದ್ದರಿಂದ, ಆಟಗಾರರು ಬಳಲಿದ್ದಾರೆಂಬ ಕಾರಣ ಕೊಟ್ಟು ಮರುವರ್ಷದ ಫೆಬ್ರವರಿಯಲ್ಲಿ ನಿಲ್ಲಿಸಲಾಯಿತೆಂಬುದು ನಿನಗೆ ತಿಳಿದೇ ಇದೆ.

ನಾನು ಮೊದಲು ಗೆಳೆಯರ ಒತ್ತಾಯಕ್ಕೆ ಬ್ಯಾಡ್ಮಿಂಟನ್ ಸೇರಿ ಎರಡೇ ತಿಂಗಳಲ್ಲಿ ಬಿಟ್ಟೆ. ನನ್ನದು ಸುಮ್ಮನೆ ನೋಡುತ್ತ ಇರುವ ಸ್ವಭಾವ; ಅದಕ್ಕೆ ಒಗ್ಗಿದ್ದು ಕುಕ್ಕರಹಳ್ಳಿ ಕೆರೆಯ ಏರಿ. ಹೆಜ್ಜಾರ್ಲೆ ನೀರಿಗಿಳಿಯುವುದನ್ನು ನೀನು ಹತ್ತಿರದಿಂದ ನೋಡಬೇಕು: ಅಷ್ಟು ದೊಡ್ಡ ಮೈಯ ಹಕ್ಕಿ ಎರಡೂ ಕಾಲುಗಳನ್ನು ಮುಂದೆ ಚಾಚಿ, ಪಾದಗಳಿಂದ ನೀರನ್ನು ಗೀರುತ್ತ ಬಂದು, ರೆಕ್ಕೆ ಮಡಿಸಿ ಒಮ್ಮೆಗೇ ದೋಣಿಯಂತೆ ತೇಲತೊಡಗುತ್ತದೆ. ಇನ್ನೊಂದನ್ನು ನೋಡೋಣವೆಂದು ಮುಂದೆ ಹೋಗುತ್ತಿದ್ದಂತೆ ಕೆರೆಯ ಸುತ್ತು ಮುಗಿದಿರುತ್ತದೆ.

ನೀನೂ ನಿನ್ನ ಚದುರಂಗವನ್ನೇ ನಡಿಗೆಗೆ ಕರೆದೊಯ್ಯಿ. ಸೋತ ಆಟವೊಂದನ್ನು ಮೊದಲ ನಡೆಯಿಂದ ಮನಸ್ಸಿನಲ್ಲೇ ಆಡುತ್ತ ಹಾಸ್ಟೆಲಿನ ಮೈದಾನವನ್ನು ಸುತ್ತು. ಎಡವಿದ ನಡೆ ಎಲ್ಲಿಯದೆಂದು ಹೊಳೆಯುವವರೆಗೆ ಕೋಣೆಗೆ ಮರಳಬೇಡ. ಮಣೆಯ ಮುಂದೆ ಕುಳಿತಾಗಲೂ ಎದುರಾಳಿ ಯೋಚಿಸುವ ಹೊತ್ತಿಗೆ ಎದ್ದು ನಾಲ್ಕು ಹೆಜ್ಜೆ ಹಾಕು. ಚಾರಣಕ್ಕೆ ಕರೆಯುವ ಗೆಳೆಯರಿಗೆ, ನನಗೆ ಅದು ರುಚಿಸದು ಎಂದು ನಗುತ್ತಲೇ ಹೇಳು.

ದಸರಾ ರಜೆಗೆ ಬರುವಾಗ ನಿನ್ನ ಮಣೆಯನ್ನು ತಪ್ಪದೆ ತಾ. ಬೆಳಿಗ್ಗೆ ಆರಕ್ಕೆ ಕೆರೆಗೆ ಹೋಗಿ ಬರೋಣ. ತಿಂಡಿಯ ನಂತರ ನಿನ್ನೆದುರು ಕೂರುತ್ತೇನೆ, ಬಿಳಿ ಕಾಯಿ ನನಗಿರಲಿ.

ಇಂತಿ,
ನಿನ್ನ ದೊಡ್ಡಪ್ಪ