ರಾಬಿನ್‌ಹುಡ್ ಕೊಟ್ಟದ್ದು ಸಾಲ

ಮಾನ್ಯ ಸಂಪಾದಕರೇ,

ಕದ್ದ ಹಣದಲ್ಲಿ ಒಂದಿಷ್ಟು ಹಂಚಿದ ಕಳ್ಳ ಸಿಕ್ಕಿಬಿದ್ದರೆ ಸಾಕು, ಮರುದಿನದ ಶೀರ್ಷಿಕೆಯಲ್ಲಿ ಅವನು ‘ರಾಬಿನ್‌ಹುಡ್’ ಆಗಿಬಿಡುತ್ತಾನೆ. ಈ ಬಿರುದನ್ನು ಇಷ್ಟು ಅಗ್ಗ ಮಾಡಬಾರದು. ಇಂಗ್ಲೆಂಡಿನ ಹಳೆಯ ಲಾವಣಿಗಳಲ್ಲಿ ಕಾಡಿನ ದರೋಡೆಕೋರ ರಾಬಿನ್‌ಹುಡ್ ದೊಡ್ಡವನಾಗುವುದು ಕೊಟ್ಟ ಮಾತಿನಿಂದ. ಬಡವರಿಗೆ ಹಂಚುವ ಸಂಗತಿ ಅಲ್ಲಿ ಹೆಚ್ಚಾಗಿ ಕಾಣಿಸುವುದೇ ಇಲ್ಲ.

1500ರ ಸುಮಾರಿಗೆ ಅಚ್ಚಾದ ‘ಎ ಗೆಸ್ಟ್ ಆಫ್ ರಾಬಿನ್ ಹುಡ್’ 456 ಪದ್ಯಗಳ ದೀರ್ಘ ಲಾವಣಿ. ಅದರಲ್ಲಿ ‘ಬಡವರಿಗೆ ಬಹಳ ಒಳಿತು ಮಾಡಿದ’ ಎಂಬ ಮಾತು ಬರುವುದು ಕಟ್ಟಕಡೆಯ ಪದ್ಯದಲ್ಲಿ. ಅವನ ನೆರವು ಪಡೆಯುವ ಮುಖ್ಯ ವ್ಯಕ್ತಿ ಒಬ್ಬ ಸರದಾರ. ಕೊಲೆ ಮಾಡಿದ ಮಗನನ್ನು ಉಳಿಸಿಕೊಳ್ಳಲು ಯಾರ್ಕ್‌ನ ಸೇಂಟ್ ಮೇರಿ ಮಠಕ್ಕೆ 400 ಪೌಂಡಿಗೆ ಜಮೀನು ಅಡವಿಟ್ಟು ಕಂಗಾಲಾದವನು.

ಕಾಡಿನಲ್ಲಿ ಊಟ ಹಾಕಿದ ಮೇಲೆ ರಾಬಿನ್ ಕೇಳುವುದು ಒಂದೇ ಪ್ರಶ್ನೆ: ನಿನ್ನ ಬಳಿ ಎಷ್ಟಿದೆ? ಸರದಾರ ಹತ್ತು ಶಿಲಿಂಗ್, ಅಂದರೆ ಅರ್ಧ ಪೌಂಡು ಎನ್ನುತ್ತಾನೆ. ರಾಬಿನ್‌ನ ಬಲಗೈ ಬಂಟ ಲಿಟ್ಲ್ ಜಾನ್ ತನ್ನ ಮೇಲುವಸ್ತ್ರವನ್ನು ನೆಲಕ್ಕೆ ಹಾಸಿ, ಅವನ ಪೆಟ್ಟಿಗೆ ಸುರಿದು ಎಣಿಸುತ್ತಾನೆ. ಸರಿಯಾಗಿ ಹತ್ತೇ ಶಿಲಿಂಗ್. ನಿಜ ಹೇಳಿದ್ದಕ್ಕೆ ಅವನಿಗೆ 400 ಪೌಂಡು ಸಿಗುತ್ತದೆ, ಅದೂ ಒಂದು ವರ್ಷದ ವಾಯಿದೆಯ ಸಾಲವಾಗಿ. ಜಾಮೀನು ಸಾಕ್ಷಾತ್ ಮೇರಿ ಮಾತೆ. ಮುಂದೆ ಅದೇ ಮಠದ ಉಗ್ರಾಣದ ಅಧಿಕಾರಿಗೂ ಅದೇ ಪ್ರಶ್ನೆ. ಅವನು ಹೇಳಿದ್ದು 20 ಮಾರ್ಕ್, ಅಂದರೆ 13 ಪೌಂಡು ಚಿಲ್ಲರೆ; ಸಿಕ್ಕಿದ್ದು 800 ಪೌಂಡಿಗೂ ಹೆಚ್ಚು. ಎಲ್ಲವೂ ರಾಬಿನ್ ಪಾಲಾಗುತ್ತದೆ. ಇಲ್ಲಿ ಸಿರಿವಂತಿಕೆಯೊಂದೇ ತಪ್ಪಾಗಿದ್ದರೆ ಪ್ರಶ್ನೆ ಕೇಳುವ ಅಗತ್ಯವೇ ಇರಲಿಲ್ಲ.

ಸಾಲ ತೀರಿಸಲು ಸರದಾರ ತಡವಾಗಿ ಬರುತ್ತಾನೆ. ದಾರಿಯಲ್ಲಿ ಕುಸ್ತಿ ಗೆದ್ದ ಪರವೂರಿನ ಸಾಮಾನ್ಯನೊಬ್ಬನ ಮೇಲೆ ಜನ ತಿರುಗಿಬಿದ್ದಿದ್ದರು, ಅವನ ರಕ್ಷಣೆಗೆ ನಿಂತಿದ್ದೆ ಎನ್ನುತ್ತಾನೆ. ರಾಬಿನ್‌ಗೆ ಅಷ್ಟೇ ಸಾಕು. ಅವಳ ಮಠದಿಂದ ಸಿಕ್ಕ 800 ಪೌಂಡಿನಲ್ಲಿ ಮೇರಿ ಮಾತೆ ಆಗಲೇ ಎರಡರಷ್ಟು ತೀರಿಸಿದ್ದಾಳೆಂದು ಹಣ ಮುಟ್ಟದೆ, ಮೇಲೆ ಇನ್ನೂ 400 ಕೊಡುತ್ತಾನೆ.

ಮಾತಿಗೆ ಇಷ್ಟು ಬೆಲೆ ಏಕೆ? ಕೌಂಟಿ ನ್ಯಾಯಸಭೆಯಲ್ಲಿ ಮತ್ತೆ ಮತ್ತೆ ಹೆಸರು ಕೂಗಿದರೂ ಹಾಜರಾಗದವನನ್ನು ಕಾನೂನಿನ ಹೊರಗಿನವನೆಂದು ಸಾರುತ್ತಿದ್ದರು; ರಾಬಿನ್ ಅಂಥವನೇ. ಅಂಥವನ ಆಸ್ತಿ ಹೋಗುತ್ತಿತ್ತು. ಅವನಿಗೆ ‘ತೋಳದ ತಲೆ’ ಎಂಬ ಹೆಸರೂ ಇತ್ತು. ತೋಳವನ್ನು ಕೊಂದಂತೆ ಅವನನ್ನೂ ಕೊಲ್ಲಬಹುದಿತ್ತು. ಪತ್ರ, ಸಾಕ್ಷಿ, ನ್ಯಾಯಾಲಯ ಯಾವುದೂ ಇಲ್ಲದವನಿಗೆ ಉಳಿಯುವುದು ಮಾತು ಮತ್ತು ಜೊತೆಗಾರರು.

ಅದೇ ನಿಷ್ಠೆಯ ಕರಾಳ ಮುಖವನ್ನೂ ಮುಚ್ಚಿಡಬಾರದು. 1450ರ ನಂತರದ ಹಸ್ತಪ್ರತಿಯಲ್ಲಿರುವ ‘ರಾಬಿನ್‌ಹುಡ್ ಮತ್ತು ಸನ್ಯಾಸಿ’ ಲಾವಣಿಯಲ್ಲಿ ಐದು ಶಿಲಿಂಗ್ ಪಂದ್ಯಕ್ಕೆ ಜಗಳವಾಡಿ ರಾಬಿನ್ ಲಿಟ್ಲ್ ಜಾನ್‌ಗೆ ಹೊಡೆಯುತ್ತಾನೆ, ಒಬ್ಬನೇ ನಾಟಿಂಗ್‌ಹ್ಯಾಮ್ ಚರ್ಚಿಗೆ ಹೋಗಿ, ಅಲ್ಲಿ ಸನ್ಯಾಸಿಯೊಬ್ಬ ಗುರುತಿಸಿ ಹಿಡಿಸಿದ್ದರಿಂದ ಸೆರೆ ಸಿಕ್ಕುತ್ತಾನೆ. ಅವನನ್ನು ಬಿಡಿಸಲು ಹೊರಟ ಜಾನ್ ಹಾದಿಯಲ್ಲಿ ಆ ಸನ್ಯಾಸಿಯ ತಲೆ ಕಡಿಯುತ್ತಾನೆ. ಸನ್ಯಾಸಿಯ ಜೊತೆಗಿದ್ದ ಪುಟ್ಟ ಹುಡುಗ ಬಾಯಿಬಿಟ್ಟಾನೆಂಬ ಭಯಕ್ಕೆ ರಾಬಿನ್‌ನ ಇನ್ನೊಬ್ಬ ಜೊತೆಗಾರ ಮಚ್ ಅವನನ್ನೂ ಕೊಲ್ಲುತ್ತಾನೆ. ಲಾವಣಿ ಇದಕ್ಕೆ ಮರುಗುವುದಿಲ್ಲ. ಕೊನೆಯಲ್ಲಿ ರಾಜನೇ ಜಾನ್‌ನ ಸ್ವಾಮಿನಿಷ್ಠೆಯನ್ನು ಹೊಗಳಿ ಸುಮ್ಮನಾಗುತ್ತಾನೆ. ಓದುವಾಗ ಎದೆ ಹಿಂಡುವ ಜಾಗ ಇದು.

ರಾಬಿನ್ ಮಠಾಧಿಪತಿಗಳಿಂದ ದೋಚಿ ಬಡವರನ್ನು ಸಲಹಿದನೆಂದು 1521ರಲ್ಲಿ ಬರೆದವನು ಸ್ಕಾಟ್ಲೆಂಡಿನ ಇತಿಹಾಸಕಾರ ಜಾನ್ ಮೇಜರ್. 1598ರ ಹೊತ್ತಿಗೆ ನಾಟಕಕಾರ ಆಂಟನಿ ಮಂಡೇ ರಾಬಿನ್‌ನನ್ನು ಹಂಟಿಂಗ್ಟನ್‌ನ ಶ್ರೀಮಂತ ಪ್ರಭುವಾಗಿಸಿದ. ಹಳೆಯ ಲಾವಣಿಗಳಲ್ಲಿ ಅವನು ಸಾಮಾನ್ಯ ಯೋಮನ್, ಅಂದರೆ ಪ್ರಭುವೂ ಅಲ್ಲದ ಜೀತದಾಳೂ ಅಲ್ಲದ ಸ್ವತಂತ್ರ ಪ್ರಜೆ. ಅವನ ಪ್ರೇಯಸಿ ಎನ್ನಲಾಗುವ ಮೇಡ್ ಮರಿಯನ್ ಅಲ್ಲಿಲ್ಲ.

ಮಕ್ಕಳಿಗಾಗಿ ಈ ಕಥೆಯನ್ನು ಮರುಹೇಳುವ ಲೇಖಕರಲ್ಲಿ ನನ್ನ ವಿನಂತಿ: ಮೇಲುವಸ್ತ್ರ ಹಾಸಿ ಹತ್ತು ಶಿಲಿಂಗ್ ಎಣಿಸುವ ಆ ದೃಶ್ಯವನ್ನು ದಯವಿಟ್ಟು ಕೈಬಿಡಬೇಡಿ. ಸ್ವಲ್ಪ ದೊಡ್ಡ ಮಕ್ಕಳಿಗಾದರೆ ಹಾದಿಯಲ್ಲಿ ಸತ್ತ ಹುಡುಗನ ವಿಷಯವನ್ನೂ ಹೇಳಿ, ಅವರೇನು ಹೇಳುತ್ತಾರೆಂದು ಕೇಳಿ.

ಇಂತಿ,
ನಿಮ್ಮ ಓದುಗ